ಅಜ್ಜಿಯ ದನಿಗೆ ಕಾಗದವಿಲ್ಲ

ರಾಯಲ್ಪಾಡು
9 ಜೂನ್ 2025

ಅನಿತ,

ಕಾಗದ ನೋಡಿ ನಗಬೇಡ. ನನ್ನ ಫೋನು ಅಮ್ಮನ ಬೀರುವಿನಲ್ಲಿದೆ, ಬೀರುವಿನ ಬೀಗದ ಕೈ ಅಮ್ಮನ ಸೊಂಟದಲ್ಲಿದೆ. ಬಾಣಂತಿ ಫೋನು ನೋಡಿದರೆ ಕಣ್ಣಿನ ನರ ಸೋಲುತ್ತದಂತೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿಗೆ ಪರದೆ. "ನಾನು ಫೋನಿನ ಆಟ ಮಾರಿ ಅನ್ನ ತಿನ್ನೋಳಮ್ಮಾ" ಅಂದೆ. "ಐದು ತಿಂಗಳು ನೀನು ತಿನ್ನೋದು ನನ್ನ ಕೈ ಅನ್ನ. ಮುಚ್ಕೊಂಡು ಮಲಕ್ಕೋ" ಅಂದಳು. ಅದಕ್ಕೇ ಈ ಕಾಗದ. ಬೆಳಗಿನ ಬಸ್ಸಿನ ಕಂಡಕ್ಟರ್ ಕದಿರಪ್ಪನ ಕೈಲಿ ಕಳಿಸುತ್ತಿದ್ದೇನೆ. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿ. ಉತ್ತರವನ್ನೂ ಅವನಿಗೇ ಕೊಡು.

ಮಲಕ್ಕೋ ಅನ್ನುತ್ತಾಳೆ, ಮಲಗುವುದು ಎಲ್ಲಿಂದ ಬಂತು? ಪಾಪು ಅತ್ತರೆ ನಿದ್ದೆಯಿಲ್ಲ, ಅಳದಿದ್ದರೆ ಉಸಿರಾಡುತ್ತಿದೆಯಾ ಅಂತ ನೋಡುತ್ತಾ ಕೂರುತ್ತೇನೆ. ಹಗಲು ಯಾವುದು ರಾತ್ರಿ ಯಾವುದು ಅನ್ನುವುದು ಅಮ್ಮ ತಂದಿಡುವ ಊಟದಿಂದ ಗೊತ್ತಾಗುತ್ತದೆ.

ವಿಷಯ ಅದಲ್ಲ. ಭಾನುವಾರ ಗೋಪಿ ಮಾಲೂರಿನಿಂದ ಮಗಳನ್ನು ನೋಡಲು ಬಂದಿದ್ದ. ನನ್ನ ಶಾಲು ತರಲು ನಮ್ಮ ಆಫೀಸಿಗೆ ಹೋಗಿದ್ದನಲ್ಲ, ಅಲ್ಲಿ ಯಾರೋ ಕಾರಿನವರು ಕೂತಿದ್ದರಂತೆ. "ಹೈದರಾಬಾದಿನೋರಂತೆ. ಅನಿತ ಅವರಿಗೆ ಟೀ ತರಿಸಿದ್ಲು" ಅಂದ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನುವ ಹಾಗೆ ಮಗುವಿನ ಕಾಲು ಹಿಡಿದು ಆಡಿಸತೊಡಗಿದ. ನೀನು ಯಾರಿಗೂ ಟೀ ತರಿಸುವವಳಲ್ಲ. ಲೈಟ್ ಬಿಲ್ಲಿನವನಿಗೆ ನೀರು ಕೊಡಲೂ ಯೋಚಿಸುವವಳು.

ನಮ್ಮ ಗಜ್ಜುಗ ಕಂಪನಿಯನ್ನು ಮಾರುತ್ತಿದ್ದೀಯಾ?

ನಮ್ಮ ಸ್ಥಿತಿ ನನಗೆ ಗೊತ್ತಿಲ್ಲ ಅಂತಲ್ಲ. ನಾನು ಹೆರಿಗೆಗೆ ಹೊರಟ ದಿನ ಆಫೀಸಿನಲ್ಲಿ ಉಳಿದಿದ್ದವರು ನೀನು, ನರೇಶ್, ಒಂದು ಫ್ಯಾನು. ಮಾಲೂರಿನ ಗಂಡಹೆಂಡತಿ ತಮ್ಮ ಬಸ್ಸಿನ ಆಟವನ್ನು ನಮ್ಮಿಂದ ಬಿಡಿಸಿಕೊಂಡು ಬೇರೆ ಪ್ರಕಾಶಕರಿಗೆ ಕೊಟ್ಟರು. ಒಗಟಿನ ಆಟ ಮಾಡಿದ ಮೇಷ್ಟರು ಫೋನೇ ಎತ್ತುತ್ತಿರಲಿಲ್ಲ. ಬೇರೆಯವರು ಮಾಡಿದ ಆಟಕ್ಕೆ ನಮ್ಮ ಕನ್ನಡ, ನಮ್ಮ ತೆಲುಗು ಸೇರಿಸಿ ಜನರಿಗೆ ಮುಟ್ಟಿಸುತ್ತೇವೆ ಅಂತ ಟೊಮೆಟೊ ಮಂಡಿಯ ಮೇಲಿನ ಕೋಣೆಯಲ್ಲಿ ಬೋರ್ಡು ಹಾಕಿದೆವು. ಈಗ ಮುಟ್ಟಿಸಲು ಹೊಸದೇನೂ ಉಳಿದಿಲ್ಲ. ಜನ ಇನ್ನೂ ಆಡುತ್ತಿರುವುದು ಚೌಕಾಬಾರ ಒಂದನ್ನೇ. ಅದೂ ಅದರಲ್ಲಿ ಮಾತಾಡುವ ಅಜ್ಜಿಯಿಂದ.

ನನ್ನ ಹತ್ತಿರ ಮುಚ್ಚಿಡಬೇಡ ಕಣೇ. ಗೊತ್ತಿಲ್ಲದಿದ್ದರೆ ನಾನು ಇನ್ನೂ ಕೆಟ್ಟದ್ದನ್ನೇ ಯೋಚಿಸುತ್ತೇನೆ.

ಕಣ್ಣು ಬಿಟ್ಟುಕೊಂಡೇ ಇರುವ
ರಜನಿ

&nbsp;

ಕೋಲಾರ
14 ಜೂನ್ 2025

ರಜನಿ,

ಕದಿರಪ್ಪ ಕಾಗದ ಕೊಡುತ್ತಾ, "ಏನಮ್ಮಾ, ನಿಮ್ಮಿಬ್ಬರಿಗೂ ಫೋನ್ ಕಂಪನಿಯೋರು ಬಹಿಷ್ಕಾರ ಹಾಕವ್ರಾ?" ಅಂದ. ಟೀ ಕುಡಿಸಿದೆ. ನೋಡು, ನಾನು ಟೀ ತರಿಸುತ್ತೇನೆ.

ಹೌದು, ಬಂದಿದ್ದರು. ಚಂದ್ರಮೋಹನ್ ಅಂತ. ಹೈದರಾಬಾದಿನ ದೊಡ್ಡ ಆಟದ ಕಂಪನಿಯವರು. ಒಳ್ಳೆಯ ಮನುಷ್ಯನೇ, ಮೆಟ್ಟಿಲ ಮೇಲೆ ಬಿದ್ದಿದ್ದ ಕೊಳೆತ ಟೊಮೆಟೊ ತುಳಿದರೂ ಮುಖ ಸಿಂಡರಿಸಲಿಲ್ಲ. ನಿನಗೆ ಹೇಳದಿದ್ದದ್ದು ಮುಚ್ಚಿಡಲಿಕ್ಕಲ್ಲ. ಹೊಲಿಗೆ ಹಾಕಿಸಿಕೊಂಡು ಮಲಗಿರುವವಳಿಗೆ ಏನಂತ ಹೇಳಲಿ?

ಈಗ ಹೇಳುತ್ತೇನೆ. ಗಜ್ಜುಗ ಉಳಿಯುವುದಿಲ್ಲ ರಜನಿ. ನರೇಶನಿಗೆ ಸಂಬಳ ಕೊಟ್ಟಿಲ್ಲ, ಅವನು ಕೇಳುವುದೂ ಇಲ್ಲ, ಅದೇ ನನಗೆ ಆಗದೇ ಇರುವುದು. ಅವನ ಹೆಂಡತಿ ಮುಳಬಾಗಿಲಿನಲ್ಲಿ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದಾಳೆ. ಚಂದ್ರಮೋಹನ್ ಅವರು ಕಂಪನಿಯನ್ನು ಪೂರ್ತಿ ತೆಗೆದುಕೊಳ್ಳುತ್ತಾರೆ. ಹೆಸರು, ಆಟಗಳು, ನಮ್ಮನ್ನೂ. ಆಫೀಸು ಕೋಲಾರದಲ್ಲೇ ಇರಲಿ ಅಂದಿದ್ದಾರೆ. ನೀನು ಮಗು ಎತ್ತಿಕೊಂಡು ಬಂದು ಕೆಲಸ ಮಾಡಬಹುದು.

ಅವರು ಬಂದಿರುವುದು ಅಜ್ಜಿಗಾಗಿ. ಅದನ್ನು ಮುಚ್ಚಿಡಲಿಲ್ಲ. "ಚೌಕಾಬಾರ ಎಲ್ಲರೂ ಮಾಡ್ತಾರೆ ಮೇಡಂ. ಈ ಅಜ್ಜಿ ಮಾತ್ರ ಯಾರ ಹತ್ರಾನೂ ಇಲ್ಲ" ಅಂದರು. ಮೂರು ಆಟ ಆದಮೇಲೆ ಅಜ್ಜಿ "ಸಾಕು, ಏಳ್ರೋ, ಊಟಕ್ಕೆ ನಡೀರಿ" ಅಂತ ಓಡಿಸಿ ಆಟ ಮುಚ್ಚುತ್ತಾಳೆ ಅಂತ ಹೇಳಿದಾಗ ಅವರು ನನ್ನನ್ನೇ ನೋಡಿದರು. ಆಡುವವರನ್ನು ಎಬ್ಬಿಸಿ ಕಳಿಸುವ ಆಟವನ್ನು ಭೂಮಿಯ ಮೇಲೆ ನಾವೊಬ್ಬರೇ ಮಾಡಿರಬೇಕು. ಕಂಪನಿ ಯಾಕೆ ಮುಳುಗಿತು ಅಂತ ಆಮೇಲೆ ಅವರು ಕೇಳಲೇ ಇಲ್ಲ.

ಒಂದೇ ತೊಡಕು. "ಈ ದನಿ ಯಾರದು? ಅವರು ಬರೆದುಕೊಟ್ಟ ಒಪ್ಪಿಗೆ ಎಲ್ಲಿ?" ಅಂತ ಅವರ ವಕೀಲರು ಕೇಳಿದರು. ನನ್ನ ಪಾಲುದಾರಳು ರಜನಿಯ ತಾಯಿಯದು ಅಂದೆ. ಒಪ್ಪಿಗೆ? ಇಲ್ಲ. ನಾವು ಕೇಳೇ ಇಲ್ಲ.

ಜೊತೆಗಿರುವ ಕಾಗದಕ್ಕೆ ನಿಮ್ಮಮ್ಮನ ಒಂದು ಸಹಿ ಬೇಕು. ಅದಿಲ್ಲದೆ ಅವರು ಒಂದು ಹೆಜ್ಜೆ ಮುಂದೆ ಬರುವುದಿಲ್ಲ. ನೀನು ಅಲ್ಲೇ ಇದ್ದೀಯಲ್ಲ, ಹಾಕಿಸಿ ಕದಿರಪ್ಪನಿಗೆ ಕೊಡು.

ಪಾಪುವಿಗೆ ಮುತ್ತು.

ಅನಿತ

&nbsp;

ರಾಯಲ್ಪಾಡು
21 ಜೂನ್ 2025

ಅನಿತ,

ಸಹಿ ಹಾಕಿಸಿಲ್ಲ. ಕೇಳಿಯೂ ಇಲ್ಲ. ಬೈಯುವ ಮೊದಲು ಪೂರ್ತಿ ಓದು.

ಅಮ್ಮನನ್ನು ನಾವು ಯಾಕೆ ಕೇಳಲಿಲ್ಲ ಅಂತ ಯೋಚಿಸುತ್ತಿದ್ದೆ. ಅವತ್ತು ಅವಳು ಕಣ್ಣಿನ ಡಾಕ್ಟರಿಗೆ ತೋರಿಸಲು ಕೋಲಾರಕ್ಕೆ ಬಂದಿದ್ದಳು. ಡಾಕ್ಟರು ಸಂಜೆ ಬರುತ್ತಾರೆ ಅಂದದ್ದಕ್ಕೆ ಆಫೀಸಿನಲ್ಲಿ ಕೂರಿಸಿದೆವು. ನರೇಶ್ ಸೀಮೆಸುಣ್ಣದಲ್ಲಿ ಮನೆ ಗೀಚಿ, ಹುಣಸೆಬೀಜ ಇಟ್ಟು, ಆಡೋಣ ಬಾ ಅತ್ತೆ ಅಂದ. ಮೈಕು ಎದುರಿಗೇ ಇತ್ತು, ಅವಳಿಗೆ ಗೊತ್ತಿತ್ತು. ಆದರೂ ಆಟ ಹತ್ತಿದ ಮೇಲೆ ಅವಳಿಗೆ ಲೋಕವೇ ಮರೆತುಹೋಯಿತು. "ಚೌಕ ಬಿದ್ರೂ ಕಾಯಿ ನಡ್ಸಕ್ಕೆ ಬರಲ್ವೇನ್ಲಾ, ನಿಮ್ಮಮ್ಮ ನಿನ್ನ ಏನು ತಿನ್ಸಿ ಬೆಳೆಸಿದ್ಲು?" ಅಂದದ್ದು, ತನ್ನ ಕಾಯಿ ನಡುಮನೆ ಸೇರಿ ಹಣ್ಣಾದಾಗ ಮಂಡಿ ತಟ್ಟಿಕೊಂಡು ನಕ್ಕದ್ದು, ತೆಲುಗಿನಲ್ಲಿ ನರೇಶನಿಗೆ ಬೈದದ್ದು, ಎಲ್ಲವೂ ಆಟದೊಳಗೆ ಹೋಯಿತು. ಮಾಲೂರಿನವರ ಆಟಕ್ಕೆ ದನಿ ಕೊಟ್ಟ ಹುಡುಗಿಗೆ ನಾವೇ ಛಾಪಾ ಕಾಗದದ ಮೇಲೆ ಒಪ್ಪಂದ ಬರೆಸಿದ್ದೆವು. ಅಮ್ಮನಿಗೆ ಮಾತ್ರ ಮಸಾಲೆ ದೋಸೆ ಕೊಡಿಸಿ ಬಸ್ಸು ಹತ್ತಿಸಿದೆವು. ಹೆತ್ತವಳ ಮುಂದೆ ಕಾಗದ ಹಿಡಿದು ಸಹಿ ಹಾಕು ಅನ್ನುವುದು ನಿನಗಾಗಲಿ ನನಗಾಗಲಿ ತಲೆಗೇ ಬರಲಿಲ್ಲ. ಬಂದಿದ್ದರೂ ನಾಚಿಕೆಯಾಗುತ್ತಿತ್ತು.

ಈಗ ನೀನು ಕಳಿಸಿದ ಇಂಗ್ಲಿಷ್ ಕಾಗದವನ್ನು ಓದಿದೆ. ಒಂದು ಸಲ ಅಲ್ಲ. ಇರುವ ದನಿಯನ್ನು ಬಳಸಿಕೊಳ್ಳುತ್ತೇವೆ ಅಂತ ಮಾತ್ರ ಅದರಲ್ಲಿಲ್ಲ. ಆ ದನಿಯಿಂದ ಯಂತ್ರದ ಮೂಲಕ ಹೊಸ ಮಾತುಗಳನ್ನು ಮಾಡಬಹುದು, ಯಾವ ಭಾಷೆಯಲ್ಲಾದರೂ, ಯಾವ ಆಟದಲ್ಲಾದರೂ, ಎಂದೆಂದಿಗೂ ಅಂತ ಇದೆ. ನೀನು ಓದಿದೆಯಾ? ಓದಿಯೂ "ಒಂದು ಸಹಿ" ಅಂತ ಬರೆದೆಯಾ?

ಅಮ್ಮ ಆಡದ ಮಾತು ಅಮ್ಮನ ದನಿಯಲ್ಲಿ ಬರುತ್ತದೆ. ಏನು ಮಾತು ಅಂತ ನಮಗೆ ಗೊತ್ತಿರುವುದಿಲ್ಲ. ನಾಳೆ ಪಾಪು ದೊಡ್ಡದಾಗಿ, ಅಮ್ಮ ಇಲ್ಲದ ಕಾಲಕ್ಕೆ, ಯಾವುದೋ ಫೋನಿನಿಂದ ಅವಳ ಅಜ್ಜಿ ಅವಳನ್ನು ಕರೆಯುತ್ತಾಳೆ. ಇದೆಲ್ಲ ನಿದ್ದೆಗೆಟ್ಟ ತಲೆಯ ಯೋಚನೆ ಅಂತ ನೀನು ಅನ್ನಬಹುದು. ಇರಬಹುದು. ಇಲ್ಲಿ ಅಮ್ಮ ಬಚ್ಚಲಿನಲ್ಲಿ ಕಾಲು ಚಾಚಿ ಪಾಪುವನ್ನು ಮಲಗಿಸಿಕೊಂಡು ನೀರು ಹುಯ್ಯುತ್ತಾ ಏನೇನೋ ಗದರುತ್ತಿರುತ್ತಾಳೆ. ನಾನು ಕೋಣೆಯೊಳಗಿಂದ ಕೇಳಿಸಿಕೊಳ್ಳುತ್ತೇನೆ. ಮೊದಲು ಹಾಗೆ ಕೇಳುತ್ತಿರಲಿಲ್ಲ. ಈಗ ಒಂದೊಂದು ಮಾತೂ ಎಲ್ಲಿಗೋ ಹೋಗಿ ಸೇರುತ್ತಿದೆ ಅನ್ನಿಸುತ್ತದೆ.

ಕಾಗದವನ್ನು ಪಾಪುವಿನ ಬಟ್ಟೆಗಳ ಕೆಳಗಿಟ್ಟಿದ್ದೇನೆ. ಸ್ವಲ್ಪ ದಿನ ಕೊಡು.

ರಜನಿ

&nbsp;

ಕೋಲಾರ
30 ಜೂನ್ 2025

ರಜನಿ,

ಸ್ವಲ್ಪ ದಿನ ನನ್ನ ಹತ್ತಿರ ಇಲ್ಲ. ಇದ್ದಿದ್ದರೆ ಕೊಡುತ್ತಿದ್ದೆ.

ಓದಿದ್ದೆ. ಯಂತ್ರದ ಮಾತೂ ಓದಿದ್ದೆ. ಈಗ ಎಲ್ಲ ಕಡೆಯೂ ಹಾಗೇ ಬರೆಸಿಕೊಳ್ಳುತ್ತಾರೆ. ನೀನು ಆಫೀಸಿನಲ್ಲಿದ್ದಿದ್ದರೆ ನೀನೇ ಅದನ್ನು ನನಗೆ ವಿವರಿಸುತ್ತಿದ್ದೆ.

ನಿನಗೆ ಮಗುವಿದೆ, ಗೋಪಿ ಇದ್ದಾನೆ, ಅಮ್ಮ ಇದ್ದಾರೆ. ನನಗೆ ಇದ್ದದ್ದು ಈ ಕೋಣೆ. ಬೆಳಿಗ್ಗೆ ಬೀಗ ತೆಗೆಯುವ ಮೊದಲು ಇವತ್ತು ಯಾರ ಕರೆ ಬರುತ್ತದೋ ಅಂತ ಫೋನು ಆಫ್ ಮಾಡುತ್ತೇನೆ. ನಿದ್ದೆ ನಿನಗೊಬ್ಬಳಿಗೇ ಕೆಟ್ಟಿಲ್ಲ.

ನೀನು ಕೇಳುವುದಿಲ್ಲವಾದರೆ ನರೇಶ್ ಬರುತ್ತಾನೆ. ಯಂತ್ರ ಮಾಡಿದ ದನಿಯ ಮಾದರಿಯನ್ನು ಚಂದ್ರಮೋಹನ್ ಕಳಿಸಿದ್ದಾರೆ, ಅದನ್ನು ತರುತ್ತಾನೆ. ಅಮ್ಮನೇ ಕೇಳಿ ಹೇಳಲಿ. ಅವರ ದನಿಯ ಬಗ್ಗೆ ನೀನೂ ನಾನೂ ಜಗಳವಾಡುವುದು ಯಾವ ನ್ಯಾಯ?

ಅನಿತ

&nbsp;

ರಾಯಲ್ಪಾಡು
6 ಜುಲೈ 2025

ಅನಿತ,

ನರೇಶ್ ಇವತ್ತು ಬಂದು ಹೋದ. ಅವನು ನಿನಗೆ ಅರ್ಧವನ್ನೇ ಹೇಳುತ್ತಾನೆ, ಅವನ ಸ್ವಭಾವ ಹಾಗೆ. ಪೂರ್ತಿ ನಾನು ಬರೆಯುತ್ತೇನೆ.

ಮುಳಬಾಗಿಲಿನಿಂದ ಬೈಕಿನಲ್ಲಿ ಬಂದಿದ್ದ. ಅಮ್ಮ ಹೊಸಿಲ ಹೊರಗೇ ಕಾಲು ತೊಳೆಸಿ ಒಳಗೆ ಬಿಟ್ಟಳು. "ಮದ್ವೆ ಆದ್ಮೇಲೆ ಇನ್ನೂ ಕಡ್ಡಿ ಆಗಿದ್ಯಲ್ಲೋ. ಹೆಂಡ್ತಿ ಉಪವಾಸ ಕೆಡವ್ತಾಳಾ?" ಅಂದು ಕಾಫಿಗೆ ಒಳಗೆ ಹೋದಳು. ಪಾಪು ಅಷ್ಟು ಹೊತ್ತಿಗೇ ಅಳಲು ಶುರು ಮಾಡಿತು. ನಾನು ಎತ್ತಿಕೊಂಡೆ, ನಿಲ್ಲಿಸಲಿಲ್ಲ. ತೊಟ್ಟಿಲಿಗೆ ಹಾಕಿದೆ, ಇನ್ನೂ ಜೋರಾಯಿತು. ನರೇಶ್ ಏನು ಮಾಡಬೇಕೆಂದು ತಿಳಿಯದೆ ಫೋನು ತೆಗೆದು ಮೇಜಿನ ಮೇಲಿಟ್ಟು ಆ ಮಾದರಿಯನ್ನು ಹಾಕಿದ.

"ಯಾಕೋ ಕಂದ ಅಳ್ತೀಯಾ? ಬಂದೆ, ಅಜ್ಜಿ ಬಂದೆ."

ಅಮ್ಮನ ದನಿಯೇ, ಅನಿತ. ಆ 'ಬಂದೆ'ಯನ್ನು ಎಳೆಯುವ ರೀತಿ, ಕೊನೆಗೆ ಸ್ವಲ್ಪ ಬಿರುಕು ಬಿಡುವ ದನಿ. ಪಾಪು ಅಳು ನಿಲ್ಲಿಸಿ ಮೇಜಿನ ಕಡೆ ಕತ್ತು ತಿರುಗಿಸಿತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಳು, ಬಾಯಿ ಮುಚ್ಚಿತ್ತು. ಮಗು ಅವಳ ಕಡೆ ನೋಡಲೇ ಇಲ್ಲ.

ನಾನು ಪಾಪುವನ್ನು ತೊಟ್ಟಿಲಿಂದ ಎತ್ತಿ ಎದೆಗವಚಿಕೊಂಡೆ. ಅಮ್ಮ ಏನು ಮಾಡಿದಳು ಗೊತ್ತಾ? ನಕ್ಕಳು. "ಲೇ ನರೇಶ, ನನ್ನ ಹಿಡ್ದು ಡಬ್ಬೀಲಿ ಹಾಕ್ಬಿಟ್ಯೇನ್ಲಾ! ಸರಿ, ಇನ್ಮೇಲೆ ಮಗೂಗೆ ನೀರು ಹುಯ್ಯೋದೂ ಅವ್ಳೇ ಹುಯ್ಲಿ, ನಾನು ತೋಪಿಗೆ ಹೋಗ್ತೀನಿ" ಅಂದಳು. ಆಮೇಲೆ ಯಾಕೆ, ಏನು ಅಂತ ಕೇಳಿದಳು. ನರೇಶ್ ನನ್ನ ಮುಖ ನೋಡಿದ. ನಾನು ಹೇಳಬೇಕಾಯಿತು. ಕಂಪನಿ ಮುಳುಗಿದ್ದು, ಹೈದರಾಬಾದಿನವರು, ಕಾಗದ, ಎಲ್ಲ.

ಅಮ್ಮನಿಗೆ ಸಿಟ್ಟು ಬಂದದ್ದು ಯಂತ್ರದ ಮೇಲಲ್ಲ, ನನ್ನ ಮೇಲೆ. "ನನ್ನ ಸಹಿ ಕೇಳೋಕೆ ನಿನಗೆ ಇಷ್ಟು ದಿನ ಬೇಕಾಯ್ತೇನೇ? ಆ ಹುಡ್ಗಿ ಅಲ್ಲಿ ಒಬ್ಳೇ ಒದ್ದಾಡ್ತಿದ್ರೆ ನೀನಿಲ್ಲಿ ಕಾಗ್ದಾನ ಮಗು ಬಟ್ಟೆ ಕೆಳಗೆ ಮುಚ್ಚಿಟ್ಕೊಂಡು ಕೂತಿದ್ದೀಯ? ತಗೊಂಬಾ ಪೆನ್ನು" ಅಂದಳು.

ನಾನು ಕೊಡಲಿಲ್ಲ. ಮಗುವನ್ನು ಕಾಗದದ ಮೇಲೇ ಮಲಗಿಸಿಬಿಟ್ಟೆ. ನಗಬೇಡ. ಬೇರೆ ಏನೂ ತೋಚಲಿಲ್ಲ. ಅದರಲ್ಲಿ ಏನಿದೆ ಅಂತ ನಿನಗೆ ಗೊತ್ತಿಲ್ಲಮ್ಮಾ, ನಿನ್ನ ಬಾಯಲ್ಲಿ ಏನು ಬೇಕಾದರೂ ಆಡಿಸಬಹುದು ಅಂತ ಕೂಗಾಡಿದೆ. ಅಮ್ಮ ಲೋಟ ಕೆಳಗಿಟ್ಟಳು. "ಏನಾಡಿಸ್ತಾರೋ ಅವ್ರನ್ನೇ ಕೇಳಿದ್ರಾಯ್ತು. ಅದಕ್ಕೆ ಯಾಕೆ ಹಿಂಗ್ ಅರಚ್ಕೋತೀಯ, ಹಾಲು ಕೆಡುತ್ತೆ" ಅಂದಳು.

ಶುಕ್ರವಾರ ಅವಳೇ ಕೋಲಾರಕ್ಕೆ ಬರುತ್ತಾಳಂತೆ. ಚಂದ್ರಮೋಹನ್ ಅವರನ್ನು ಕರೆಸು. ಕಾಗದವನ್ನು ಅವಳ ಕೈಗೇ ಕೊಟ್ಟಿದ್ದೇನೆ.

ಅವಳು ಸಹಿ ಹಾಕುತ್ತಾಳೆ ಅನಿತ. ನಿನಗೋಸ್ಕರ ಹಾಕುತ್ತಾಳೆ. ಹಾಕಬಾರದು ಅಂತ ನನಗೆ ಆಸೆ, ಹಾಗೆ ಆಸೆಪಡುವುದು ನಿನಗೆ ಮಾಡುವ ದ್ರೋಹ ಅಂತಲೂ ಗೊತ್ತು. ಎರಡನ್ನೂ ಇಟ್ಟುಕೊಂಡು ಶುಕ್ರವಾರದವರೆಗೆ ಹೇಗಿರಲಿ?

ರಜನಿ

&nbsp;

ಕೋಲಾರ
12 ಜುಲೈ 2025

ರಜನಿ,

ನಿಮ್ಮಮ್ಮ ನಿನಗೆ ಏನು ಹೇಳಿದರೋ ತಿಳಿಯದು. ನಾನು ಕಂಡದ್ದನ್ನು ಬರೆಯುತ್ತೇನೆ.

ಒಂದು ಚೀಲ ಬಾದಾಮಿ ಮಾವು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು. ಚಂದ್ರಮೋಹನ್ ಎದ್ದು ನಿಂತು ತೆಲುಗಿನಲ್ಲಿ ಮಾತಾಡಿಸಿದರು. ಅಮ್ಮನಿಗೆ ಖುಷಿಯಾಯಿತು. ಊರು, ಮನೆ, ಮಳೆ ಎಲ್ಲ ವಿಚಾರಿಸಿದರು. ಅಮ್ಮನ ದನಿ ಕೇಳುತ್ತಿದ್ದ ಹಾಗೆ ಚಂದ್ರಮೋಹನ್ ಜೊತೆ ಬಂದಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು, ಆಟದೊಳಗಿನವರು ಎದ್ದು ಬಂದಂತಾಯಿತು ಅಂತ.

"ಅಮ್ಮಾ, ಮೀರು ಒಕ್ಕ ಸಂತಕಂ ಪೆಟ್ಟಂಡಿ, ಚಾಲು" ಅಂತ, ಒಂದು ಸಹಿ ಸಾಕೆಂದು, ಚಂದ್ರಮೋಹನ್ ಪೆನ್ನು ತೆಗೆದುಕೊಟ್ಟರು. ಅಮ್ಮ ಮುಚ್ಚಳ ತೆಗೆದರು. ಆಮೇಲೆ, "ನನ್ನ ಕೈಲಿ ಏನೇನು ಆಡಿಸ್ತೀಯಪ್ಪ? ಒಂದ್ಸಲ ಓದು. ಮನೇಲಿ ಮಗಳು ಕೇಳ್ತಾಳೆ, ಅವಳಿಗೆ ಹೇಳ್ಬೇಕು" ಅಂದರು. ಹೊಸ ಮಾತುಗಳ ಪ್ರತಿ ನನ್ನ ಹತ್ತಿರವೇ ಇತ್ತು, ನಾನೇ ಓದಿದೆ. "ಬಾರ ಬಿತ್ತು ನೋಡು ಬಂಗಾರ." "ಅವನ ಕಾಯಿ ಕಡಿ, ಬಿಡಬೇಡ." ಅಮ್ಮ ತಲೆಯಾಡಿಸುತ್ತಾ, "ಕಡಿ ಅಲ್ಲ, ಹೊಡಿ ಅನ್ನು. ನಮ್ ಕಡೆ ಹಂಗೇ ಅನ್ನೋದು" ಅಂತ ತಿದ್ದಿದರು ಕೂಡ.

ಆಮೇಲೆ ಬಂದ ಸಾಲುಗಳು: "ಆಗಲೇ ಹೊರಟೆಯಾ? ಅಜ್ಜೀನ ಒಬ್ಬಳನ್ನೇ ಬಿಟ್ಟು ಹೋಗ್ತೀಯಾ?" "ಊಟ ಎಲ್ಲೂ ಓಡಿಹೋಗಲ್ಲ, ಇನ್ನೊಂದಾಟ ಆಡೋಣ."

ಅಮ್ಮ ಇನ್ನೊಂದು ಸಲ ಓದು ಅಂದರು. ಓದಿದೆ. "ಇದನ್ನ ನಾನು ಮಕ್ಕಳಿಗೆ ಹೇಳೋದಾ?" ಅಂದರು. ಹೌದಮ್ಮಾ ಅಂದರು ಚಂದ್ರಮೋಹನ್. "ಸರಿ, ಮತ್ತೆ ಎಬ್ಬಿಸೋದು ಯಾವಾಗ?"

"ಎಬ್ಬಿಸೋದು ಬೇಡಮ್ಮಾ. ಕೂರಿಸ್ಕೊಂಡಿದ್ರೆ ಸಾಕು. ಮಕ್ಕಳು ಬಿಟ್ಟೋದ್ರೆ ನಮಗೆ ನಷ್ಟ ಅಲ್ವಾ?"

"ಕೂರಿಸ್ಕೊಳ್ಳೋಕೆ ನಾನ್ಯಾಕಪ್ಪಾ ಬೇಕು? ಬಾಗಿಲಿಗೆ ಚಿಲಕ ಹಾಕು" ಅಂದರು.

ಎಲ್ಲರೂ ನಕ್ಕೆವು. ಅಮ್ಮ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಅವರ ಕೈಗೆ ಕೊಟ್ಟರು. ಚಂದ್ರಮೋಹನ್ ತುಂಬಾ ಹೊತ್ತು ಹೇಳಿದರು, ತೆಲುಗಿನಲ್ಲಿ, ಕನ್ನಡದಲ್ಲಿ. ಅಮ್ಮ "ಬೇಡಪ್ಪಾ" ಅನ್ನುವುದನ್ನು ಬಿಟ್ಟು ಏನೂ ಅನ್ನಲಿಲ್ಲ. ಹೊರಡುವಾಗ ಅವರ ಕಾರಿಗೆ ಮಾವಿನ ಚೀಲವನ್ನು ತಾವೇ ಇಡಿಸಿದರು. ನನ್ನ ಮುಖ ನೋಡಲಿಲ್ಲ. ನಾನೂ ಬಸ್‌ಸ್ಟ್ಯಾಂಡಿನವರೆಗೆ ಹೋಗಲಿಲ್ಲ. ನರೇಶ್ ಹೋದ.

ಆ ಸಾಲುಗಳನ್ನು ನಾನು ಮೊದಲೇ ಎಷ್ಟೋ ಸಲ ಓದಿದ್ದೆ ರಜನಿ. ಅಕ್ಷರ ತಪ್ಪು ಕೂಡ ತಿದ್ದಿದ್ದೆ. ನನಗೆ ಏನೂ ಅನ್ನಿಸಿರಲಿಲ್ಲ. ನಿನಗೆ ಖುಷಿಯಾಗಿರಬೇಕು.

ಅನಿತ

&nbsp;

ರಾಯಲ್ಪಾಡು
14 ಜುಲೈ 2025

ಅನಿತ,

ಖುಷಿಯಾಗಲಿಲ್ಲ. ನಂಬಿದರೆ ನಂಬು.

ಅಮ್ಮ ಕೋಲಾರಕ್ಕೆ ಹೋದ ದಿನ ಮೊದಲ ಸಲ ನಾನೂ ಪಾಪುವೂ ಇಬ್ಬರೇ ಇದ್ದೆವು. ಅದಕ್ಕೆ ಜ್ವರ ಬಂದಂತೆ ಅನ್ನಿಸಿ ಹಣೆ ಮುಟ್ಟಿ ಮುಟ್ಟಿ ನನ್ನ ಕೈಯೇ ಬಿಸಿಯಾಯಿತು. ಅಂಗಳದಲ್ಲಿ ಪಕ್ಕದ ಮನೆಯ ಆಂಜಿನಮ್ಮ ರಾಗಿ ಕೇರುತ್ತಿದ್ದಳು, ಅವಳನ್ನು ಕರೆದು ಮುಟ್ಟಿಸಿದೆ. "ನಿನಗೇ ಜ್ವರ ಇರೋದು ಕಣಮ್ಮ, ಹೋಗಿ ಬಿದ್ಕೋ" ಅಂದಳು. ಜ್ವರವೂ ಇರಲಿಲ್ಲ. ಕೋಲಾರದಲ್ಲಿ ಈಗ ಸಹಿ ಹಾಕಿರುತ್ತಾಳೆ, ಈಗ ಹಾಕಿರುತ್ತಾಳೆ ಅಂತ ಕಾಯುತ್ತಿದ್ದೆ, ಅಷ್ಟೇ.

ಅಮ್ಮ ಬಂದವಳು ಕೈಕಾಲು ತೊಳೆದು ಮಗುವನ್ನು ಎತ್ತಿಕೊಂಡಳು. ಹಾಕಲಿಲ್ಲ ಅಂದಳು. ಯಾಕೆ ಅಂದೆ. "ಆ ಮಾತು ನನ್ನ ಬಾಯಲ್ಲಿ ಬರಲ್ಲ" ಅಂದಳು. ಅಷ್ಟೇ. ನೀನು ಬರೆದದ್ದೆಲ್ಲ ನಿನ್ನ ಕಾಗದದಿಂದಲೇ ತಿಳಿದದ್ದು. ಅವತ್ತು ಅವಳು ಊಟ ಮಾಡಲಿಲ್ಲ. ಬಸ್ಸಿನ ದೂಳು, ಹೊಟ್ಟೆ ಸರಿಯಿಲ್ಲ ಅಂದಳು. ನಿನ್ನೆ ಕಾಳು ಬಿಡಿಸುತ್ತಾ ಇದ್ದಕ್ಕಿದ್ದ ಹಾಗೆ, "ಅನಿತ ಸೊರಗಿದಾಳೆ ಕಣೇ. ಕತ್ತಿನ ಮೂಳೆ ಕಾಣಿಸ್ತದೆ" ಅಂದಳು. ಇನ್ನೆರಡು ಕಾಯಿ ಬಿಡಿಸಿ, "ನಾನು ಬೇಡ ಅಂದಿದ್ದು ಅವನಿಗೆ. ಅವಳಿಗೆ ಅಂದ ಹಂಗಾಯ್ತು" ಅಂದಳು.

ನನಗೆ ಬೇಕಾದದ್ದೇ ಆಗಿದೆ, ಆದರೂ ಎದೆಯ ಭಾರ ಇಳಿದಿಲ್ಲ. ನಷ್ಟವನ್ನೆಲ್ಲ ನೀನು ಹೊತ್ತುಕೊಂಡೆ ಅಂತ ಗೊತ್ತಿರುವುದರಿಂದಲೋ ಏನೋ. ಮುಂದೆ ಏನು ಮಾಡುತ್ತೀಯಾ? ಬೈದಾದರೂ ಬರೆ.

ರಜನಿ

&nbsp;

ಕೋಲಾರ
18 ಆಗಸ್ಟ್ 2025

ರಜನಿ,

ಜುಲೈ ಹದಿನಾಲ್ಕರದೂ, ಆಮೇಲೆ ನೀನು ಬರೆದ ಎರಡು ಕಾಗದಗಳೂ ತಲುಪಿವೆ. ಉತ್ತರ ಬರೆಯಲು ಏನಾದರೂ ತೀರ್ಮಾನ ಆಗಲಿ ಅಂತ ಕಾದೆ.

ಆಗಿದೆ. ಅಜ್ಜಿ ಇಲ್ಲದ ಗಜ್ಜುಗ ಅವರಿಗೆ ಬೇಕಿರಲಿಲ್ಲ. ಕೊನೆಗೆ ಹೆಸರನ್ನೂ ಹಳೆಯ ಎರಡು ಆಟಗಳನ್ನೂ ತೆಗೆದುಕೊಂಡರು. ಬಂದದ್ದರಲ್ಲಿ ನರೇಶನ ಬಾಕಿ ತೀರಿತು. ಅವನು ಮುಳಬಾಗಿಲಿನಲ್ಲೇ ಅಂಗಡಿ ಇಡುತ್ತಾನಂತೆ. ಚೌಕಾಬಾರ ಅವರ ಲೆಕ್ಕಕ್ಕೆ ಸೇರಿಲ್ಲ. ಈ ತಿಂಗಳ ಕೊನೆಗೆ ಅದನ್ನು ನಡೆಸುವ ಕಂಪ್ಯೂಟರಿನ ಬಾಡಿಗೆ ನಿಲ್ಲುತ್ತದೆ. ಆಮೇಲೆ ಆಟ ತೆರೆಯುವುದಿಲ್ಲ. ಹೆಸರಿನ ಮಾರಾಟಕ್ಕೆ ನಿನ್ನ ಸಹಿಯೂ ಬೇಕು, ಕಾಗದ ಜೊತೆಗಿದೆ. ಇದರಲ್ಲಿ ಯಂತ್ರದ ಮಾತಿಲ್ಲ, ಧೈರ್ಯವಾಗಿ ಓದು.

ಚಂದ್ರಮೋಹನ್ ನನಗೆ ಕೆಲಸ ಕೊಟ್ಟಿದ್ದಾರೆ. ಹೈದರಾಬಾದಿನಲ್ಲಿ. ಒಂದನೇ ತಾರೀಕು ಬೆಳಿಗ್ಗೆ ಹೊರಡುತ್ತೇನೆ. ಆಟ ಆಡುವವರು ಯಾವಾಗ ಎದ್ದು ಹೋಗುತ್ತಾರೆ ಅನ್ನುವುದನ್ನು ನೋಡಿ ಅವರನ್ನು ಹಿಡಿದಿಡುವ ವಿಭಾಗವಂತೆ. ನೀನು ಏನೂ ಅನ್ನಬೇಡ.

ಅನಿತ

&nbsp;

ರಾಯಲ್ಪಾಡು
24 ಆಗಸ್ಟ್ 2025

ಅನಿತ,

ಸಹಿ ಹಾಕಿದ ಕಾಗದ ಇದರ ಜೊತೆಗಿದೆ.

ಏನೂ ಅನ್ನುವುದಿಲ್ಲ. ಅನ್ನುವ ಯೋಗ್ಯತೆ ನನಗಿಲ್ಲ. ನಾನು ಕೋಣೆಯೊಳಗೆ ಕೂತು ಹೆದರುತ್ತಿದ್ದೆ, ನೀನು ಅಲ್ಲಿ ಬಾಗಿಲು ತೆಗೆಯುತ್ತಿದ್ದೆ. ಅಮ್ಮ ಸಹಿ ಹಾಕಿದ್ದರೆ ನೀನು ಕೋಲಾರದಲ್ಲೇ ಇರುತ್ತಿದ್ದೆ. ಇದನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದರೂ ಬೇರೆ ಥರ ಕಾಣುವುದಿಲ್ಲ. ಅಷ್ಟಾದರೂ, ಮತ್ತೆ ಅದೇ ಶುಕ್ರವಾರ ಬಂದರೆ ಅಮ್ಮ ಹಾಕಬಾರದು ಅಂತಲೇ ಬಯಸುತ್ತೇನೆ. ನಿನ್ನ ಹತ್ತಿರ ಸುಳ್ಳು ಬರೆಯಲಾರೆ.

ಅಮ್ಮ ಮೊನ್ನೆ ಬೀರು ತೆಗೆದು ಫೋನು ಕೊಟ್ಟಳು. "ಐದು ತಿಂಗಳು ಆಗಿಲ್ಲ, ಆದ್ರೂ ಆ ಹುಡ್ಗೀನ ಮಾತಾಡ್ಸು" ಅಂದಳು. ನಿನ್ನ ಹೆಸರು ತೆಗೆದು ನೋಡುತ್ತಾ ಕೂತೆ. ಒತ್ತಲಾಗಲಿಲ್ಲ. ನಿನ್ನ ದನಿ ಹೇಗಿರುತ್ತದೋ ಅಂತ ಭಯ. ಮತ್ತೆ ಪೆನ್ನು ಹಿಡಿದೆ.

ಮದನಪಲ್ಲಿ ಮೇಲೆ ಹೋಗುವ ಬಸ್ಸಾದರೆ ನಮ್ಮೂರ ಮುಂದೆಯೇ ಹೋಗುತ್ತೀಯ. ಇಳಿ. ಒಂದು ಹೊತ್ತು ಉಂಡು ಮುಂದಿನ ಬಸ್ಸಿಗೆ ಹೋಗು. ಪಾಪುವನ್ನು ನೀನಿನ್ನೂ ನೋಡಿಲ್ಲ.

ರಜನಿ

&nbsp;

ಮದನಪಲ್ಲಿ ಬಸ್‌ಸ್ಟ್ಯಾಂಡು
1 ಸೆಪ್ಟೆಂಬರ್ 2025

ರಜನಿ,

ಇಲ್ಲಿ ಬಸ್ಸು ಊಟಕ್ಕೆ ನಿಂತಿದೆ. ವಾಪಸು ಹೋಗುವ ಬಸ್ಸಿನವರಿಗೆ ಇದನ್ನು ಕೊಡುತ್ತೇನೆ.

ಇಳಿಯಲಿಲ್ಲ. ನಿಮ್ಮ ಮನೆಯ ಜಗಲಿಯ ಮೇಲೆ ನೀನು ಮಗು ಎತ್ತಿಕೊಂಡು ನಿಂತಿದ್ದನ್ನು ಕಿಟಕಿಯಿಂದ ನೋಡಿದೆ. ತಲೆಗೆ ಬಟ್ಟೆ ಕಟ್ಟಿಕೊಂಡು, ಸಣ್ಣಗಾಗಿ. ಕೂತಲ್ಲಿಂದ ಏಳಲಾಗಲಿಲ್ಲ. ಎದ್ದಿದ್ದರೆ ಹೈದರಾಬಾದಿಗೆ ಹೋಗುತ್ತಿರಲಿಲ್ಲ ಅನ್ನಿಸುತ್ತದೆ.

ನಿಮ್ಮಮ್ಮ ಬಸ್ಸಿಗೇ ಹತ್ತಿಬಿಟ್ಟರು. ನಾನು ಕಾಣಿಸದೆ ಮುಂದಿನಿಂದ ಹಿಂದಿನವರೆಗೆ ಒಬ್ಬೊಬ್ಬರ ಮುಖ ನೋಡುತ್ತಾ ಬಂದರು. "ಇಲ್ಲಿ ಅನಿತ ಅಂತ ಹುಡುಗಿ ಎಲ್ಲಿ? ಸರಿ ಸ್ವಲ್ಪ, ದಾರೀಲಿ ಚೀಲ ಇಟ್ಕೊಂಡ್ರೆ ಜನ ಹೆಂಗೋಗ್ಬೇಕು?" ಡ್ರೈವರು ಹಾರನ್ ಹೊಡೆದ. "ಹೊಡ್ಕೋ, ನಿನ್ ಹಾರನ್ನು ಸವೀತದೆ, ನಂದೇನು!" ಅಂದರು. ನನ್ನನ್ನು ಕಂಡವರೇ ಊಟದ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು ಕೆನ್ನೆ ಮುಟ್ಟಿದರು. "ಬಿಸಿ ಆರೋದ್ರೊಳಗೆ ತಿನ್ನು" ಅಂದು ಇಳಿದುಹೋದರು.

ನನ್ನ ಮುಂದಿನ ಸೀಟಿನಲ್ಲಿ ಒಂದು ಪುಟ್ಟ ಹುಡುಗಿ ಶ್ರೀನಿವಾಸಪುರದಿಂದಲೂ ಫೋನಿನಲ್ಲಿ ತಲೆ ಹುದುಗಿಸಿ ಕೂತಿದ್ದಳು. ಅವರಮ್ಮ ಎರಡು ಸಲ ಕಿತ್ತುಕೊಳ್ಳಲು ನೋಡಿ ಸೋತಿದ್ದರು. ನಿಮ್ಮಮ್ಮ ಡ್ರೈವರಿಗೆ ಗದರಿದಾಗ ಆ ಹುಡುಗಿ ತಟ್ಟನೆ ತಲೆಯೆತ್ತಿದಳು. ಸುತ್ತ ನೋಡಿದಳು. ಸೀಟಿನ ಮೇಲೆ ಮಂಡಿಯೂರಿ ಹಿಂದೆ ತಿರುಗಿದಳು.

"ಅಮ್ಮಾ, ಚೌಕಾಬಾರದ್ ಅಜ್ಜಿ! ಅಜ್ಜಿ ಬಸ್ಸಲ್ಲವ್ಳೆ!"

"ಯಾವ ಅಜ್ಜಿಯೇ? ಸುಮ್ನೆ ಕೂತ್ಕೋ" ಅಂದರು ಅವರಮ್ಮ.

ಹುಡುಗಿ ನನ್ನನ್ನು ಕೇಳಿದಳು, "ಆಂಟಿ, ಅಜ್ಜಿ ಎಲ್ಲೋದ್ಲು?" ನಾನು ಕಿಟಕಿಯಾಚೆ ಕೈ ತೋರಿಸಿದೆ. ಅಷ್ಟು ಹೊತ್ತಿಗೆ ಬಸ್ಸು ಹೊರಟಿತ್ತು. ಊರು ದಾಟಿ ಮಾವಿನ ತೋಪುಗಳು ಮುಗಿಯುವವರೆಗೂ ಅವಳು ಗಾಜಿಗೆ ಮೂಗು ಒತ್ತಿಕೊಂಡು ನೋಡುತ್ತಲೇ ಇದ್ದಳು. ಫೋನು ಸೀಟಿನ ಮೇಲೆ ತಾನೇ ಏನೇನೋ ಕೂಗುತ್ತಾ ಬಿದ್ದಿತ್ತು.

ಅನಿತ